ಪೇಪರಿನಲ್ಲಿ ಬಂದ ಮಹದೇವಮ್ಮ

ರಾಹುಲ್ ಮಹದೇವಮ್ಮನವರನ್ನು ಮೊದಲು ನೋಡಿದ್ದು ತಿ. ನರಸೀಪುರದ ಒಂದು ಹೈಸ್ಕೂಲಿನ ಜಗುಲಿಯಲ್ಲಿ. ಅವತ್ತು ಭಾನುವಾರ. ನಂಜನಗೂಡಿನ ಟ್ರಸ್ಟಿನ ಕಣ್ಣಾಸ್ಪತ್ರೆಯವರು ಅಲ್ಲಿ ಉಚಿತ ಶಿಬಿರ ಇಟ್ಟುಕೊಂಡಿದ್ದರು. ತರಗತಿಯ ಬೆಂಚುಗಳನ್ನು ಹೊರಗೆ ತಂದು ಗೋಡೆಗೆ ಸಾಲಾಗಿ ಹಾಕಿ, ಪೊರೆ ತೆಗೆಸಿಕೊಳ್ಳಲು ಆಯ್ಕೆಯಾದವರನ್ನು ಅದರ ಮೇಲೆ ಕೂರಿಸಿದ್ದರು. ಯಾವ ಕಣ್ಣಿಗೆ ಆಪರೇಷನ್ನೋ ಆ ಕಣ್ಣಿನ ಹುಬ್ಬಿನ ಮೇಲೆ ಒಂದು ತುಂಡು ಬಿಳಿ ಪ್ಲಾಸ್ಟರ್. ಮದುವೆ ಮನೆಯಲ್ಲಿ ಎರಡನೇ ಪಂಕ್ತಿಗೆ ಕಾಯುವವರ ಹಾಗೆ ಎಲ್ಲರೂ ಬಾಗಿಲ ಕಡೆಗೇ ಮುಖ ಮಾಡಿ ಕುಳಿತಿದ್ದರು. ಕೊನೆಯ ಬೆಂಚಿನ ತುದಿಯಲ್ಲಿದ್ದ ಒಬ್ಬ ಹೆಂಗಸು ಮಾತ್ರ ಬಾಗಿಲ ಕಡೆ ನೋಡುತ್ತಿರಲಿಲ್ಲ. ಹಸಿರು ಕರೆಯ ಕಂದು ಸೀರೆ, ಎಣ್ಣೆ ಹಾಕಿ ಬಿಗಿಯಾಗಿ ಬಾಚಿ ಕಟ್ಟಿದ ಬಿಳಿ ತುರುಬು, ಸೆರಗಿಗೆ ಸೇಫ್ಟಿ ಪಿನ್ನಿನಲ್ಲಿ ಚುಚ್ಚಿದ ಶಿಬಿರದ ಚೀಟಿ. ಆಕೆ ತನ್ನ ಬೆರಳುಗಳನ್ನು ಬಿಸಿಲಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿಕೊಳ್ಳುತ್ತಿದ್ದರು.

ರಾಹುಲ್ ಕೆಲಸಕ್ಕೆ ಸೇರಿ ಆಗಿನ್ನೂ ವಾರವಾಗಿರಲಿಲ್ಲ. ಆಸ್ಪತ್ರೆಯ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು, ಯಾರ ಫೋಟೊ ತೆಗೆಯಬೇಕು, ಯಾರನ್ನು ಕೇಳಿ ತೆಗೆಯಬೇಕು ಒಂದೂ ಗೊತ್ತಾಗದೆ ಜಗುಲಿಯ ಉದ್ದಕ್ಕೂ ಅಡ್ಡಾಡಿದ್ದ. ಆ ಬೆರಳುಗಳನ್ನು ಕಂಡು ನಿಂತುಬಿಟ್ಟ.

"ಯಾರಪ್ಪ ಅದು, ಬೆಳ್ಕಿಗೆ ಅಡ್ಡ ನಿಂತ್ಕಂಡಿರೋನು?" ಮಹದೇವಮ್ಮ ಕೇಳಿದರು.

ರಾಹುಲ್ ಪಕ್ಕಕ್ಕೆ ಸರಿದ. "ಫೋಟೊ ತೆಗೀತೀನಿ ಅಜ್ಜಿ. ಆಸ್ಪತ್ರೆಯವನು."

"ಯಾವುದ್ಕೆ, ಆಧಾರ್‌ಗಾ? ಬ್ಯಾಡ ಕಣಪ್ಪ. ಅದ್ರಲ್ಲಿ ಆಗ್ಲೇ ನನ್ನ ಎಮ್ಮೆ ಮಾಡ್ಬುಟ್ಟವ್ರೆ."

ಸಾಲಿನಲ್ಲಿದ್ದವರೆಲ್ಲ ನಕ್ಕರು. ರಾಹುಲನೂ ನಕ್ಕ. ಅಜ್ಜಿ ಯಾವೂರು, ಯಾರ ಮಗ ಎಂದು ವಿಚಾರಿಸಿದರು. ನಂಜನಗೂಡಿನ ಹತ್ತಿರದ ಹದಿನಾರು ಎಂಬ ಊರು, ದೊಡ್ಡಸಿದ್ದಯ್ಯನ ಮಗ ಎಂದ. "ಓ, ನಮ್ ಕಡೇವ್ನೇ. ಹಂಗಾರೆ ಕೂತ್ಕೋ," ಎಂದು ಬೆಂಚಿನಲ್ಲಿ ಜಾಗ ಮಾಡಿಕೊಟ್ಟರು. ಬೆರಳು ಯಾಕೆ ನೋಡಿಕೊಳ್ಳುತ್ತಿದ್ದಿರಿ ಎಂದು ಅವನು ಕೇಳಿದ್ದಕ್ಕೆ ಅವರು ತಮ್ಮ ಕೆಲಸ ಹೇಳಿದರು.

ಮಹದೇವಮ್ಮನವರ ಊರು ನರಸೀಪುರದಿಂದ ಬಸ್ಸಿನಲ್ಲಿ ಸ್ವಲ್ಪವೇ ದೂರ. ಅಲ್ಲಿ ಏಳೆಂಟು ಮನೆಗಳಲ್ಲಿ ರೇಷ್ಮೆ ಹುಳ ಸಾಕುತ್ತಾರೆ. ಹುಳ ಸೊಪ್ಪು ತಿಂದು ತಿಂದು ಕೊನೆಗೆ ಹಣ್ಣಾಗುತ್ತದೆ. ಹಣ್ಣಾದ ಹುಳವನ್ನು ತಟ್ಟೆಯಿಂದ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ಹಸಿಯದನ್ನು ಬಿಟ್ಟರೆ ಗೂಡು ಕಟ್ಟುವುದಿಲ್ಲ, ಹಣ್ಣಾದದ್ದನ್ನು ತಟ್ಟೆಯಲ್ಲೇ ಬಿಟ್ಟರೆ ಸೊಪ್ಪಿನ ಕಡ್ಡಿಗೇ ನೂಲು ಸುತ್ತಿ ಹಾಳು ಮಾಡುತ್ತದೆ. ಆರಿಸುವವರಿಗೆ ಕಣ್ಣೇ ಬಂಡವಾಳ. ಮಹದೇವಮ್ಮ ಲಗ್ನವಾಗಿ ಬಂದ ಕಾಲದಿಂದ ಆ ಊರಿನಲ್ಲಿ ಯಾರ ಮನೆಯ ಹುಳ ಹಣ್ಣಾದರೂ ಮೊದಲು ಅವರಿಗೇ ಕರೆ.

"ಬೆಳ್ಕಿಗೆ ಇಡುದ್ರೆ ಹಣ್ಣಾದ್ ಉಳ ಮಾಗಿದ್ ದ್ರಾಕ್ಷಿ ಇದ್ದಂಗೆ ಕಣಪ್ಪ, ಒಳ್ಗೇ ಬೆಳಕು ಆಡ್ತದೆ. ಈಗ ನನ್ ಕೈಬೆಳ್ಳೇ ನಂಗೆ ಮಂಜಾಗದೆ. ಓದ್ ಬೆಳೇಲಿ ಮಾದಯ್ಯನ್ ಮನೇಲಿ ಹಸಿ ಉಳಾನೆಲ್ಲ ಚಂದ್ರಿಕೆಗೆ ಬುಟ್ಬುಟ್ಟೆ. ಅವ್ನ್ ಎಡ್ತಿ ಏನೂ ಅನ್ನಿಲ್ಲ. 'ಅವ್ವ, ನೀನು ಕಾಪಿ ಕುಡಿ ಓಗು' ಅಂದ್ಲು. ಅಂದೇಟ್ಗೆ ನಂಗೆ ಗೊತ್ತಾಯ್ತು."

ಎಡಗಣ್ಣಿನಲ್ಲಿ ಪೊರೆ ಎಷ್ಟೋ ವರ್ಷದ ಹಿಂದೆಯೇ ಬಲಿತು ಒಳಗಿನ ನರ ಸತ್ತಿದೆ, ಇನ್ನು ಅದಕ್ಕೆ ಏನೂ ಮಾಡಲಾಗುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಪ್ಲಾಸ್ಟರ್ ಇದ್ದದ್ದು ಬಲಗಣ್ಣಿನ ಮೇಲೆ. ಅದೊಂದು ತಿಳಿಯಾದರೆ ಸಾಕು, ಮತ್ತೆ ಹುಳ ಆರಿಸಬಹುದು. ಅಷ್ಟನ್ನೇ ಅವರು ಕೇಳಿಕೊಂಡು ಬಂದದ್ದು.

ರಾಹುಲ್ ಫೋಟೊ ತೆಗೆದ. ಚೆನ್ನಾಗಿ ಬಂತು.

ಅವನಿಗೆ ಕೆಲಸ ಕಲಿಸಬೇಕಾದವರು ಸುಚೇತಾ ಮೇಡಂ. ಆಸ್ಪತ್ರೆಯ ಸಂಪರ್ಕಾಧಿಕಾರಿ. ನಂಜನಗೂಡಿನ ದೇವಸ್ಥಾನದ ಬೀದಿಯ ಮನೆತನ. ಅಜ್ಜ ಪಂಚಾಂಗ ಬರೆಯುತ್ತಿದ್ದರಂತೆ, ಅಪ್ಪ ಮೇಷ್ಟರು. ಆಸ್ಪತ್ರೆಯ ಔಷಧಿ ಅಂಗಡಿಯ ಮೇಲಿನ ಸಣ್ಣ ಕೋಣೆಯಲ್ಲಿ ಅವರ ಮೇಜು, ಅದಕ್ಕೆ ಎದುರಾಗಿ ರಾಹುಲನ ಮೇಜು. ಪತ್ರಿಕೋದ್ಯಮದಲ್ಲಿ ಎಂ.ಎ. ಮಾಡಿದ್ದರೂ ಅವನು ಒಂದೇ ಒಂದು ಪ್ರೆಸ್ ನೋಟ್ ಬರೆದವನಲ್ಲ. ಶಿಬಿರದ ಮೊದಲ ವರದಿಯನ್ನು 'ಕಣ್ಣು ಮಾನವನ ಅಂಗಾಂಗಗಳಲ್ಲಿ ಅತ್ಯಂತ ಶ್ರೇಷ್ಠವಾದುದು' ಎಂದು ಶುರು ಮಾಡಿ, ಎರಡು ಪುಟ ತುಂಬಿಸಿ, ಅಂದವಾಗಿ ಪ್ರಿಂಟು ತೆಗೆದು ಕೊಟ್ಟ.

ಸುಚೇತಾ ಮೇಡಂ ಓದಿ ಕನ್ನಡಕ ತೆಗೆದರು. "ರಾಹುಲ್, ಇದು ಪ್ರಬಂಧ ಸ್ಪರ್ಧೆ ಅಲ್ಲ ಕಣ್ರೀ. ಶಿಬಿರ ಎಲ್ಲಿ ಆಯ್ತು ಅನ್ನೋದು ಎರಡನೇ ಪುಟದಲ್ಲಿದೆ. ಅಲ್ಲಿ ತನಕ ಯಾರು ಬರ್ತಾರೆ?"

ಆಮೇಲೆ ಒಂದೊಂದಾಗಿ ಹೇಳಿಕೊಟ್ಟರು. ಏನಾಯಿತು, ಎಲ್ಲಿ, ಯಾವಾಗ, ಯಾರಿಂದ, ಎಲ್ಲ ಮೊದಲ ಪ್ಯಾರಾದಲ್ಲೇ ಬರಬೇಕು. ಪುಟ ಕಟ್ಟುವವನು ಜಾಗ ಸಾಲದಿದ್ದರೆ ಕೆಳಗಿನಿಂದ ಕತ್ತರಿಸುತ್ತಾನೆ, ಮೇಲಿನಿಂದ ಅಲ್ಲ; ಆದ್ದರಿಂದ ಉಳಿಯಲೇಬೇಕಾದ್ದನ್ನು ಮೇಲಿಡಬೇಕು. ವಾಕ್ಯ ಸಣ್ಣದಿರಬೇಕು. ನಮ್ಮನ್ನು ನಾವೇ ಹೊಗಳಿಕೊಳ್ಳಬಾರದು, ಬೇರೆಯವರ ಬಾಯಲ್ಲಿ ಹೊಗಳಿಸಬೇಕು. ಫೋಟೊದ ಕೆಳಗೆ ಹೆಸರು, ಊರು ತಪ್ಪಬಾರದು. ಅತಿಥಿಗಳ ಹೆಸರಂತೂ ಪ್ರಾಣ ಹೋದರೂ ಬಿಡಬಾರದು.

"ಯಾಕೆ ಮೇಡಂ? ಅದನ್ನ ಯಾರು ಓದ್ತಾರೆ?"

"ಆ ಅತಿಥಿಗಳು ಓದ್ತಾರೆ. ಬೇರೆ ಏನನ್ನೂ ಓದಲ್ಲ, ಅದನ್ನ ಮಾತ್ರ ಓದ್ತಾರೆ. ಹೋದ ವರ್ಷ ಒಬ್ಬರ ಹೆಸರು ಬಿಟ್ಟುಹೋಗಿ, ಅವರು ಕೊಡಬೇಕಿದ್ದ ಶಾಮಿಯಾನ ಬರಲೇ ಇಲ್ಲ. ರೋಗಿಗಳು ಬಿಸಿಲಲ್ಲಿ ಕೂತಿದ್ದರು."

ರಾಹುಲ್ ಎಲ್ಲವನ್ನೂ ಶ್ರದ್ಧೆಯಿಂದ ಕಲಿತ. ಸಂಜೆ ಬಸ್ಸಿನಲ್ಲಿ ಹದಿನಾರಿಗೆ ಹೋಗುವಾಗ ಅವತ್ತಿನ ಪತ್ರಿಕೆಗಳನ್ನು ತೊಡೆಯ ಮೇಲೆ ಹರಡಿಕೊಂಡು, ಯಾವ ಸುದ್ದಿಯ ತಲೆ ಗಟ್ಟಿಯಾಗಿದೆ, ಯಾವುದರ ಬಾಲ ಕತ್ತರಿಸಿದ್ದಾರೆ ಎಂದು ನೋಡುತ್ತಿದ್ದ. ಕೂಲಿ ಮಾಡಿ ಓದಿಸಿದ ದೊಡ್ಡಸಿದ್ದಯ್ಯನಿಗೆ ಮಗ ಮಾಡುವ ಕೆಲಸ ಏನೆಂದು ಸರಿಯಾಗಿ ತಿಳಿಯದು. ಯಾರಾದರೂ ಕೇಳಿದರೆ "ಆಸ್ಪತ್ರೇಲಿ ಬರೀತಾನೆ" ಅನ್ನುತ್ತಿದ್ದ. ಕೇಳಿದವರು ಮಾತ್ರೆ ಚೀಟಿ ಬರೆಯುತ್ತಾನೆ ಅಂದುಕೊಂಡು ಮನೆಗೇ ಬಂದು ನಾಲಿಗೆ ತೋರಿಸುತ್ತಿದ್ದರು.

ಶಿಬಿರ ಕಳೆದ ಎರಡೇ ದಿನಕ್ಕೆ ಆಯ್ಕೆಯಾದವರನ್ನೆಲ್ಲ ವ್ಯಾನಿನಲ್ಲಿ ನಂಜನಗೂಡಿಗೆ ಕರೆತಂದು ಆಪರೇಷನ್ ಮಾಡಿದರು. "ಈ ಸಲ ಅಂಕಿ ಬೇಡ," ಅಂದರು ಸುಚೇತಾ ಮೇಡಂ. "ಇಷ್ಟು ಜನಕ್ಕೆ ಆಪರೇಷನ್ ಅಂದರೆ ಯಾರ ಮನಸ್ಸಿಗೂ ತಾಗಲ್ಲ. ಒಬ್ಬರನ್ನ ಹಿಡ್ಕೊಂಡು ಹೇಳಿ. ಅವರು ಯಾರು, ಕಣ್ಣು ಯಾತಕ್ಕೆ ಬೇಕು, ಈಗ ಏನು ಕಾಣುತ್ತೆ."

ರಾಹುಲನಿಗೆ ಹುಡುಕುವ ಅಗತ್ಯವೇ ಇರಲಿಲ್ಲ. ಮಾರನೆಯ ಬೆಳಿಗ್ಗೆ ಪಟ್ಟಿ ಬಿಚ್ಚುವ ಹೊತ್ತಿಗೆ ವಾರ್ಡಿಗೆ ಹೋದ. ನರ್ಸು ಹತ್ತಿ ಒದ್ದೆ ಮಾಡಿ ರೆಪ್ಪೆ ಒರೆಸಿದರು. ಮಹದೇವಮ್ಮ ನಿಧಾನಕ್ಕೆ ಕಣ್ಣು ತೆರೆದು, ಮೊದಲು ಕಿಟಕಿ ನೋಡಿದರು, ಆಮೇಲೆ ಸೊಸೆ ರೋಜಾಳನ್ನು ನೋಡಿದರು.

"ಏನ್ಲೇ ರೋಜಾ, ಇಷ್ಟು ಸೊರ್ಗೋಗಿದ್ದೀಯೆ? ನಾನು ದಪ್ಪಗಿದ್ದೀಯ ಅಂದ್ಕಂಡಿದ್ನಲ್ಲ!"

"ಸದ್ಯ, ಈಗ್ಲಾದ್ರೂ ಗೊತ್ತಾಯ್ತಲ್ಲ ನಿಂಗೆ," ಅಂದಳು ರೋಜಾ, ಅಳುತ್ತ ನಗುತ್ತ.

ರಾಹುಲ್ ಮಂಚದ ಪಕ್ಕ ಕುಳಿತು ಕೇಳಿದ. ಹೇಗೆ ಕಾಣ್ತಾ ಇದೆ ಅಜ್ಜಿ? ಅವರು ಹೇಳಿದ್ದನ್ನು ಹಾಗೆಯೇ ಮೊಬೈಲಿನಲ್ಲಿ ಬರೆದುಕೊಂಡ. "ಬೆಳಕು ಚಂದಾಗ್ ಬತ್ತದೆ ಕಣಪ್ಪ. ಒಂದೀಟು ನೋವದೆ. ಒಳ್ಗಡೆ ಯಾರೋ ಚಿವುಟ್ದಂಗೆ."

ವರದಿಯಲ್ಲಿ ಅವನು ಅಷ್ಟನ್ನೂ ಹಾಕಿದ. ಸುಚೇತಾ ಮೇಡಂ ಮೊದಲ ಪ್ಯಾರಾ ಓದಿ "ಭೇಷ್" ಅಂದರು. ಎರಡನೆಯದನ್ನೂ ಮುಟ್ಟಲಿಲ್ಲ. ಮೂರನೆಯದಕ್ಕೆ ಬಂದು ಪೆನ್ನು ನಿಂತಿತು.

"ಈ ನೋವು ಬೇಡ."

"ಅವರು ಹಾಗೇ ಅಂದರು ಮೇಡಂ."

ಸುಚೇತಾ ಮೇಡಂ ಸುಮ್ಮನೆ ಹೊಡೆದುಹಾಕುವವರಲ್ಲ. ಡಾಕ್ಟರಿಗೆ ಫೋನು ಮಾಡಿ ಕೇಳಿದರು. ಮೊದಲ ದಿನ ಸ್ವಲ್ಪ ನೋವು ಎಲ್ಲರಿಗೂ ಇರುತ್ತದೆ, ಹನಿ ಹಾಕಿಕೊಂಡರೆ ಹೋಗುತ್ತದೆ ಎಂದು ಡಾಕ್ಟರು ಹೇಳಿದರು. ಮೇಡಂ ಫೋನು ಇಟ್ಟು ರಾಹುಲನ ಕಡೆ ತಿರುಗಿದರು. "ನೋಡಿ, ಹಳ್ಳಿಯಲ್ಲಿ ಎಷ್ಟು ಜನ ಹೆದರಿಕೊಂಡೇ ಪೊರೆ ಬಲಿಸಿಕೊಂಡು ಕುರುಡಾಗ್ತಾರೆ ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಯಾರೋ ಚಿವುಟಿದ ಹಾಗೆ ಅಂತ ಪೇಪರಿನಲ್ಲಿ ಓದಿದ ಮೇಲೆ ಅವರು ಬರ್ತಾರಾ?"

ಅದು ನಿಜವೇ ಆಗಿತ್ತು. ರಾಹುಲನ ಸ್ವಂತ ಅಜ್ಜಿಯೇ ಹೆದರಿ ಹಾಗೆ ಕುರುಡಾಗಿ ತೀರಿಕೊಂಡವರು. ಮೇಡಂ ಬರೆದರು: 'ನನಗೀಗ ಎಲ್ಲವೂ ಸ್ಪಷ್ಟವಾಗಿ ಕಾಣುತ್ತಿದೆ. ಯಾವ ತೊಂದರೆಯೂ ಇಲ್ಲ. ಆಸ್ಪತ್ರೆಯವರಿಗೆ ನಾನು ಋಣಿ.'

"ಋಣಿ ಅಂತ ಅವರು ಅನ್ನಲಿಲ್ಲ ಮೇಡಂ."

"ಯಾರೂ ಅನ್ನಲ್ಲ ಕಣ್ರೀ. ಪೇಪರಿನಲ್ಲಿ ಎಲ್ಲರೂ ಋಣಿಗಳೇ."

ಸುದ್ದಿ ಬಂತು. ಫೋಟೊ ಸಮೇತ, ಜಿಲ್ಲಾ ಪುಟದ ಮೇಲ್ಭಾಗದಲ್ಲಿ. ನರಸೀಪುರದ ವರದಿಗಾರ ಗುರುಮಲ್ಲಪ್ಪ ಅದನ್ನು ಒಂದಕ್ಷರ ಬದಲಿಸದೆ ತನ್ನ ಹೆಸರಿನಲ್ಲಿ ಕಳಿಸಿದ್ದ. ತಾಲ್ಲೂಕಿನಲ್ಲಿ ಅದೇ ಪದ್ಧತಿ. ಪ್ರೆಸ್ ನೋಟ್ ಬದಲಿಸಲು ಅವನಿಗೆ ಪುರಸೊತ್ತೂ ಇಲ್ಲ, ಅಗತ್ಯವೂ ಇಲ್ಲ. ಸುಚೇತಾ ಮೇಡಂ ಸಿಹಿ ತರಿಸಿದರು. ಟ್ರಸ್ಟಿನ ಕಾರ್ಯದರ್ಶಿಗಳು ಆ ಫೋಟೊವನ್ನೇ ಮುಂದಿನ ಶಿಬಿರದ ಕರಪತ್ರಕ್ಕೂ ಹಾಕಿಸಲು ಹೇಳಿದರು.

ಆ ವಾರದ ರಜೆಯ ದಿನ ರಾಹುಲ್ ನರಸೀಪುರದ ಬಸ್ಸು ಹತ್ತಿ ಮಹದೇವಮ್ಮನವರ ಊರಿಗೆ ಹೋದ. ಅವನಿಗೆ ಪತ್ರಿಕೆಯನ್ನು ಸ್ವತಃ ಕೊಡಬೇಕೆಂಬ ಆಸೆ. ಆದರೆ ಪತ್ರಿಕೆ ಅವನಿಗಿಂತ ಮೊದಲೇ ಊರು ಮುಟ್ಟಿತ್ತು. ಹಾಲಿನ ಡೇರಿಯ ಗೋಡೆಗೆ ಮಾದಯ್ಯ ಅದನ್ನು ಅಂಟಿಸಿದ್ದ. ಡೇರಿಗೆ ಬಂದವರೆಲ್ಲ ಕ್ಯಾನು ಕೆಳಗಿಟ್ಟು ಒಂದು ಸಲ ಓದಿಯೇ ಹೋಗುತ್ತಿದ್ದರು. "ನಮ್ಮೂರ್ ಎಸ್ರು ಪೇಪರ್ನಲ್ಲಿ ಬಂದದ್ದೇ ಎಲ್ಡು ಸತಿ ಸಾ," ಅಂದ ಮಾದಯ್ಯ. "ಒಂದು ಬಸ್ಸು ಹಳ್ಳಕ್ಕೆ ಬಿದ್ದಾಗ, ಇನ್ನೊಂದು ಇದು."

ಮಹದೇವಮ್ಮ ಮನೆಯ ಮುಂದೆ ಚಾಪೆಯ ಮೇಲೆ ಕುಳಿತಿದ್ದರು. ಕಣ್ಣಿಗೆ ಆಸ್ಪತ್ರೆಯವರು ಕೊಟ್ಟ ಕಪ್ಪು ಕನ್ನಡಕ. ಸುತ್ತ ನಾಲ್ಕಾರು ಹೆಂಗಸರು. ಒಬ್ಬಾಕೆ, "ನೀನೀಗ ಈರೋಯಿನ್ನು ಬುಡವ್ವ, ಕೂಲಿಂಗ್ ಗ್ಲಾಸು ಬ್ಯಾರೆ," ಎಂದು ಕಿಚಾಯಿಸುತ್ತಿದ್ದಳು.

"ಹೇಗಿದೆ ಅಜ್ಜಿ ಕಣ್ಣು?" ರಾಹುಲ್ ಕೇಳಿದ.

ಮಹದೇವಮ್ಮ ಕನ್ನಡಕ ತೆಗೆಯಲಿಲ್ಲ. "ನೀ ಬರ್ದಂಗೇ ಅದೆ ಕಣಪ್ಪ."

"ಅವತ್ತು ನೋವು ಅಂದ್ರಲ್ಲ?"

"ನೀ ಬರ್ದಂಗೇ ಅದೆ," ಅಂದರು ಮತ್ತೆ. ಆಮೇಲೆ ರೋಜಾಳಿಗೆ ಕಾಫಿ ಇಡಲು ಹೇಳಿದರು.

ಆ ಮಾತನ್ನು ರಾಹುಲ್ ಹೊಗಳಿಕೆ ಅಂದುಕೊಂಡ. ಬೇರೆ ಹೇಗೆ ಅಂದುಕೊಳ್ಳಬೇಕು ಎಂದು ಯಾವ ತರಗತಿಯಲ್ಲೂ ಅವನಿಗೆ ಹೇಳಿಕೊಟ್ಟಿರಲಿಲ್ಲ. ಅಲ್ಲಿದ್ದ ಇಬ್ಬರು ಹೆಂಗಸರು ಮುಂದಿನ ಶಿಬಿರ ಯಾವಾಗ ಎಂದು ಕೇಳಿದರು. ಹೇಳಿದ. ಕಾಫಿ ಕುಡಿದ. ಅಜ್ಜಿಗೆ, ಮರುತಪಾಸಣೆಗೆ ಮರೆಯದೆ ಬನ್ನಿ ಅಂದ. ಅವರು ಹೂಂಗುಟ್ಟಿದರು. ಬಸ್ಸಿನಲ್ಲಿ ಸಂತೋಷವಾಗಿ ಹಿಂದಿರುಗಿದ.

ರೋಜಾಳ ಫೋನು ಬಂದದ್ದು ಮುಂದಿನ ವಾರ, ಅವನು ಕಚೇರಿಯಲ್ಲಿದ್ದಾಗ. "ಸಾ, ನಮ್ಮತ್ತೆ ಕಣ್ಣು ಊದ್ಕಂಡು ಈಟ್ ದಪ್ಪ ಆಗದೆ. ಕೀವು ಬತ್ತಾ ಅದೆ. ಕನ್ನಡ್ಕ ತಗ್ಯಕೇ ಬುಡ್ತಿರ್ನಿಲ್ಲ ಸಾ. ಇವತ್ತು ನಾನೇ ಕಿತ್ಕಂಡು ನೋಡ್ದೆ."

"ಮರುತಪಾಸಣೆಗೆ ಬರಲಿಲ್ವಾ?"

"ಓಗಾನ ಬಾ ಅಂತ ಬಡ್ಕಂಡೆ. ಬರ್ನಿಲ್ಲ. ಯಾಕೆ ಅಂತ ಕೇಳುದ್ರೆ, ಪೇಪರ್ನಲ್ಲಿ ಯಾವ ತೊಂದ್ರೆನೂ ಇಲ್ಲ ಅಂತ ಬಂದ್ಮೇಲೆ ಈಗ ಓಗಿ ನೋವು ಅಂದ್ರೆ ಆ ಉಡ್ಗನ ಕೆಲ್ಸ ಓಯ್ತದೆ ಅಂತವ್ಳೆ. ನಮ್ ಕಡೆ ಉಡ್ಗ, ಈಗ್ತಾನೆ ಸೇರ್ಕಂಡವ್ನೆ, ಅವ್ನ ಮಾತ ಸುಳ್ಳು ಮಾಡ್ಬಾರ್ದು ಅಂತವ್ಳೆ ಸಾ."

ರಾಹುಲ್ ಫೋನು ಹಿಡಿದುಕೊಂಡೇ ಎದ್ದು ನಿಂತ. ಸುಚೇತಾ ಮೇಡಂ ಎದುರಿಗೇ ಇದ್ದರು. ಫೋನಿನ ಮಾತು ಅವರಿಗೂ ಕೇಳಿಸಿತ್ತು. ಅವರು ವ್ಯಾನಿನ ಡ್ರೈವರಿಗೆ ಫೋನು ಮಾಡಿದರು.

ಮಹದೇವಮ್ಮನವರನ್ನು ಕರೆತಂದು ಡಾಕ್ಟರು ನೋಡಿದರು. ನೋಡಿದ ಕೂಡಲೇ ಮೈಸೂರಿನ ದೊಡ್ಡಾಸ್ಪತ್ರೆಗೆ ಬರೆದುಕೊಟ್ಟರು. ರಾಹುಲ್ ಜೊತೆಗೆ ಹೋದ. ದಾರಿಯುದ್ದಕ್ಕೂ ಅಜ್ಜಿ ಅವನ ಕೈಯನ್ನು ತಮ್ಮ ಮಡಿಲಲ್ಲಿ ಇಟ್ಟುಕೊಂಡಿದ್ದರು. ತಾನೇ ಧೈರ್ಯ ಹೇಳಬೇಕಿದ್ದವನಿಗೆ ಅವರು ಹೇಳುತ್ತಿದ್ದರು. "ಬುಡು ಮಗ, ನಿಂಗೇನ್ ಗೊತ್ತಿತ್ತು. ಅಳ್ಬ್ಯಾಡ." ಮೈಸೂರಿನ ಡಾಕ್ಟರು ಸೋಂಕು ಒಳಗೆಲ್ಲ ಹರಡಿದೆ, ಕಣ್ಣುಗುಡ್ಡೆ ಉಳಿಸಬಹುದು, ದೃಷ್ಟಿ ಬರುವುದಿಲ್ಲ ಎಂದರು. "ಮೊದಲು ನೋವು ಶುರುವಾದಾಗಲೇ ಕರ್ಕೊಂಡು ಬಂದಿದ್ದರೆ ನೋಡಬಹುದಿತ್ತು. ಯಾಕೆ ಬರಲಿಲ್ಲ?" ಎಂದು ಕೇಳಿದರು. ರೋಜಾ ರಾಹುಲನ ಮುಖ ನೋಡಿದಳು. ಅವಳು ಏನಾದರೂ ಅಂದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

ಗುರುಮಲ್ಲಪ್ಪನಿಗೆ ಸುದ್ದಿ ತಲುಪಲು ಹೊತ್ತು ಹಿಡಿಯಲಿಲ್ಲ. "ಏನ್ ರಾಹುಲ್, ನಿಮ್ಮ ಅಜ್ಜಿ ಕಣ್ಣು ಹೋಯ್ತಂತಲ್ಲ ಮಾರಾಯ? ನಾನೇ ಹಾಕಿದ ಸುದ್ದಿ, ಈಗ ಊರಲ್ಲಿ ನನ್ನ ಕೇಳ್ತಾವ್ರೆ. ನೀವು ಒಂದು ಸ್ಪಷ್ಟನೆ ಕಳ್ಸಿ. ಕಳಿಸದಿದ್ರೆ ಊರಿನವ್ರು ಅಂದಂಗೇ ಹಾಕಬೇಕಾಯ್ತದೆ."

ಹೀಗೆ ರಾಹುಲನಿಗೆ ಸುಚೇತಾ ಮೇಡಂ ಅವರ ಇನ್ನೊಂದು ಪಾಠ ಶುರುವಾಯಿತು. ಈ ಪಾಠ ಹೇಳುವಾಗ ಅವರು ಅವನ ಮುಖ ನೋಡದೆ ಕಿಟಕಿಯಾಚೆ ನೋಡುತ್ತಿದ್ದರು. ಕೆಟ್ಟದ್ದು ಆದಾಗ ಬಾಯಿ ಮುಚ್ಚಿಕೊಂಡು ಕೂರಬಾರದು, ಕೂತರೆ ಜನ ತಾವೇ ಕಥೆ ಕಟ್ಟುತ್ತಾರೆ. ಮೊದಲು ವಿಷಾದ. ಆಮೇಲೆ ನಮಗೆ ಗೊತ್ತಿರುವುದು. ಆಮೇಲೆ ನಾವು ಮಾಡುತ್ತಿರುವುದು. ಗೊತ್ತಿಲ್ಲದ್ದನ್ನು ಹೇಳಬಾರದು, ಊಹೆ ಬರೆಯಬಾರದು.

ರಾಹುಲ್ ಬರೆದ. ರೋಗಿಗೆ ಶಸ್ತ್ರಚಿಕಿತ್ಸೆಯ ಮರುದಿನವೇ ನೋವಿತ್ತು, ಅದನ್ನು ಅವರು ನಮಗೆ ಹೇಳಿದ್ದರು, ಪತ್ರಿಕೆಗೆ ಕೊಟ್ಟ ವರದಿಯಲ್ಲಿ ಆ ಮಾತನ್ನು ಬಿಡಲಾಗಿತ್ತು, ವರದಿಯನ್ನು ನಂಬಿದ ರೋಗಿ ಮರುತಪಾಸಣೆಗೆ ಬರಲು ಹಿಂಜರಿದರು ಎಂದು ಬರೆದ. ಮೇಡಂ ಓದಿದರು.

"ಮೊದಲ ಸಲ ಒಂದು ವಾಕ್ಯವೂ ತಿದ್ದುವ ಹಾಗಿಲ್ಲ," ಅಂದರು. "ಆದರೆ ಇದು ಕಾರ್ಯದರ್ಶಿಗಳ ಮೇಜು ದಾಟಲ್ಲ."

"ಇದು ಊಹೆ ಅಲ್ಲ ಮೇಡಂ. ಯಾಕೆ ಬರಲಿಲ್ಲ ಅಂತ ನಮಗೆ ಗೊತ್ತಲ್ಲ."

"ನಿಮಗೆ ಗೊತ್ತು, ನನಗೆ ಗೊತ್ತು. ಆಸ್ಪತ್ರೆಗೆ ಗೊತ್ತಿಲ್ಲ."

ಆದರೂ ಅವರೇ ಅದನ್ನು ಹಿಡಿದುಕೊಂಡು ಕೆಳಗೆ ಹೋದರು. ಮತ್ತೆ ಮೆಟ್ಟಿಲು ಹತ್ತಿ ಬಂದಾಗ ಮುಖ ಕೆಂಪಾಗಿತ್ತು. ಹಾಳೆಯ ತುಂಬ ಕಾರ್ಯದರ್ಶಿಗಳ ಹಸಿರು ಗೆರೆ. ಉಳಿದದ್ದು ಇಷ್ಟೇ: ಘಟನೆಗೆ ಆಸ್ಪತ್ರೆ ವಿಷಾದಿಸುತ್ತದೆ, ಸೂಚಿಸಿದ ದಿನ ರೋಗಿ ಮರುತಪಾಸಣೆಗೆ ಹಾಜರಾಗಿರಲಿಲ್ಲ, ವಿಷಯ ತಿಳಿದ ತಕ್ಷಣ ಆಸ್ಪತ್ರೆಯ ವಾಹನದಲ್ಲೇ ಮೈಸೂರಿಗೆ ಕಳಿಸಿ ಚಿಕಿತ್ಸೆ ಕೊಡಿಸಲಾಗಿದೆ. ಒಂದೊಂದು ಮಾತೂ ನಿಜ. ರಾಹುಲ್ ಯಾವ ವಾಕ್ಯವನ್ನು ತೋರಿಸಿ ಇದು ಸುಳ್ಳು ಅನ್ನಲು ಸಾಧ್ಯ ಎಂದು ಹುಡುಕಿದ. ಸಿಗಲಿಲ್ಲ.

"ನಾನು ಕೆಲಸ ಬಿಡ್ತೀನಿ ಮೇಡಂ."

"ಬಿಡಿ. ಬಿಟ್ಟರೆ ಆಕೆಗೆ ಕಣ್ಣು ಬರುತ್ತಾ?" ಎಂದರು ಸುಚೇತಾ ಮೇಡಂ. ಗದರಿಕೆಯಲ್ಲ, ನಿಜವಾಗಿ ಕೇಳಿದಂತಿತ್ತು. "ನೀವು ಬಿಟ್ಟರೆ ಇದನ್ನ ನಾನು ಟೈಪ್ ಮಾಡ್ತೀನಿ. ನಾನು ಬಿಟ್ಟರೆ ಇನ್ಯಾರೋ."

ಮನೆಯಲ್ಲಿ ದೊಡ್ಡಸಿದ್ದಯ್ಯ ಆಗಲೇ ಸೊಸೈಟಿಯವರ ಮುಂದೆ ಮಗನಿಗೆ ಕೆಲಸ ಸಿಕ್ಕಿದೆಯೆಂದು ಹೇಳಿ ಮನೆಗೆ ಹೆಂಚು ಬದಲಿಸಲು ಸಾಲದ ಮಾತಾಡಿ ಬಂದಿದ್ದ. ರಾಹುಲ್ ಮತ್ತೆ ಕಚೇರಿಯ ತನ್ನ ಕುರ್ಚಿಯಲ್ಲಿ ಕುಳಿತು ಸ್ಪಷ್ಟನೆಯನ್ನು ಟೈಪ್ ಮಾಡಿದ. ಗುರುಮಲ್ಲಪ್ಪ ಅದನ್ನೂ ಬದಲಿಸದೆ ಹಾಕಿದ.

ಅಜ್ಜಿಯ ಊರಿನಲ್ಲಿ ಅದೂ ಓದಿಸಿಕೊಂಡಿತು. ಪೇಪರಿನಲ್ಲೇ ಬಂದ ಮೇಲೆ ತಪ್ಪು ಮಹದೇವಮ್ಮನದೇ ಎಂದು ತೀರ್ಮಾನವಾಯಿತು. ಮಾದಯ್ಯ ಒಳ್ಳೆಯ ಮನಸ್ಸಿನವನೇ, ನೋಡಲು ಹಣ್ಣು ತೆಗೆದುಕೊಂಡು ಹೋಗಿ, "ಅಲ್ಲ ಕಣವ್ವ, ಬಾ ಅಂದ್ ದಿನ ಓಗಾಕೇನಾಗಿತ್ತು ನಿಂಗೆ? ಅಷ್ಟು ಚಂದಾಗಿ ಮಾಡಿದ್ರಂತೆ," ಎಂದು ಬುದ್ಧಿ ಹೇಳಿ ಬಂದ. ಬಂದವರೆಲ್ಲ ಅದನ್ನೇ ಹೇಳಿದರು. ರೋಜಾ ಒಂದಿಬ್ಬರ ಜೊತೆ ಜಗಳವಾಡಿ ಕೊನೆಗೆ ಸುಮ್ಮನಾದಳು.

ಮುಂದಿನ ಶಿಬಿರ ಬಿಳಿಗೆರೆಯಲ್ಲಿ ನಿಗದಿಯಾಯಿತು. ಪ್ರಕಟಣೆ ಬರೆಯುವ ಕೆಲಸ ರಾಹುಲನದು. ಅಜ್ಜಿಯ ಫೋಟೊ ಇದ್ದ ಕರಪತ್ರವನ್ನು ಮೇಡಂ ಹೇಗೋ ತಡೆಹಿಡಿಸಿದ್ದರು, ಆಗಲೇ ಹಂಚಿಹೋಗಿದ್ದನ್ನು ವಾಪಸ್ ತರಿಸುವ ಹಾಗಿರಲಿಲ್ಲ. ಪ್ರಕಟಣೆಯಲ್ಲಾದರೂ ಒಂದು ಮಾತು ಸೇರಿಸಬೇಕೆಂದು ರಾಹುಲ್ ಹಟ ಹಿಡಿದ: ಆಪರೇಷನ್ ಆದ ಮೇಲೆ ನೋವು ಹೆಚ್ಚಾದರೆ, ಕಣ್ಣು ಕೆಂಪಾದರೆ, ಯಾರು ಏನೇ ಅಂದರೂ ಅವತ್ತೇ ಆಸ್ಪತ್ರೆಗೆ ಬನ್ನಿ. ಉಳಿಯಬೇಕಾದ್ದು ಮೇಲಿರಬೇಕೆಂದು ಕಲಿತವನು ಅದನ್ನು ಮೊದಲ ಪ್ಯಾರಾದಲ್ಲೇ ಇಟ್ಟ.

"ಶಿಬಿರದ ಸುದ್ದಿ ನೋವಿನಿಂದ ಶುರುವಾದರೆ ಹೇಗ್ರೀ," ಅಂದರು ಮೇಡಂ. ಆದರೆ ತೆಗೆದುಹಾಕಲಿಲ್ಲ. ಎರಡನೇ ಪ್ಯಾರಾಕ್ಕೆ ಇಳಿಸಿದರು. ಕಾರ್ಯದರ್ಶಿಗಳು, ಎರಡನೇ ಪ್ಯಾರಾದಲ್ಲಿ ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳು ಬರಬೇಕಲ್ಲ ಎಂದು ನೆನಪಿಸಿದರು. ಶಾಮಿಯಾನ ಕೊಡುವವರು, ಊಟ ಕೊಡುವವರು, ಹೈಸ್ಕೂಲಿನ ಬೀಗ ತೆಗೆಸಿಕೊಡುವವರು, ಒಬ್ಬರನ್ನೂ ಬಿಡುವ ಹಾಗಿರಲಿಲ್ಲ. ರಾಹುಲನ ಮಾತು ಒಂದೊಂದೇ ಮೆಟ್ಟಿಲು ಇಳಿದು ಕಟ್ಟಕಡೆಗೆ ಬಂದು ನಿಂತಿತು.

ಪ್ರಕಟಣೆ ಅಚ್ಚಾದ ದಿನ ಅವನು ಬಸ್ ನಿಲ್ದಾಣದಲ್ಲೇ ಪತ್ರಿಕೆ ಕೊಂಡು ತೆರೆದ. ಶಿಬಿರದ ಜಾಗ, ಹೊತ್ತು, ಎಲ್ಲ ಅತಿಥಿಗಳ ಹೆಸರು ಬಿರುದು ಸಮೇತ ಸರಿಯಾಗಿ ಬಂದಿದ್ದವು. ಕೊನೆಯ ಅತಿಥಿಯ ಹೆಸರಿನ ನಂತರ 'ಭಾಗವಹಿಸಲಿದ್ದಾರೆ' ಎಂದಿತ್ತು. ಅದರ ಕೆಳಗೆ ಟೈರ್ ಅಂಗಡಿಯ ಜಾಹೀರಾತು.

ಬಿಳಿಗೆರೆಯ ಶಿಬಿರದಲ್ಲಿ ರಾಹುಲ್ ಕ್ಯಾಮೆರಾ ಹೊರಗೆ ತೆಗೆಯುವ ಮೊದಲು ಬೆಂಚಿನಿಂದ ಬೆಂಚಿಗೆ ಹೋದ. ಹುಬ್ಬಿನ ಮೇಲೆ ಪ್ಲಾಸ್ಟರ್ ಅಂಟಿಸಿಕೊಂಡ ಪ್ರತಿಯೊಬ್ಬರ ಮುಂದೆಯೂ ಕುಕ್ಕರುಗಾಲಿನಲ್ಲಿ ಕುಳಿತು, ನೋವು ಬಂದರೆ ನಾಚಿಕೊಳ್ಳಬೇಡಿ, ಪೇಪರಿನಲ್ಲಿ ಏನೇ ಬಂದಿರಲಿ, ಹೊರಟು ಬಂದುಬಿಡಿ ಎಂದು ಹೇಳಿದ. ಅವರು ತಲೆಯಾಡಿಸಿದರು. ಒಬ್ಬ ಮುದುಕ ಎಲ್ಲವನ್ನೂ ಗಮನವಿಟ್ಟು ಕೇಳಿ, "ಆಯ್ತು ಸಾ. ಊಟಕ್ಕೆ ಬಾತಾ, ಮುದ್ದೆಯಾ?" ಎಂದ.

ಮಹದೇವಮ್ಮನವರನ್ನು ನೋಡಲು ಅವನಿಗೆ ಧೈರ್ಯ ಬಂದದ್ದು ಅದಾದ ಮೇಲೆ. ಅವರು ಒಳಗೆ ಗೋಡೆಗೊರಗಿ ಕುಳಿತಿದ್ದರು. ಹೆಜ್ಜೆ ಸದ್ದಿಗೆ ಮುಖ ಎತ್ತಿದರು. ನಾನು ರಾಹುಲ್ ಎಂದು ಅವನು ಹೇಳಿದ ಮೇಲೆ ನಕ್ಕು ಪಕ್ಕದ ನೆಲ ತಟ್ಟಿ ಕೂರಲು ಹೇಳಿದರು.

"ಕೆಲ್ಸ ಅದಾ ಮಗ?"

"ಅದೆ ಅಜ್ಜಿ."

"ಅದ್ಕೇನೂ ತೊಂದ್ರೆ ಆಗ್ನಿಲ್ಲ ತಾನೆ?"

"ಇಲ್ಲ."

"ಎಲ್ಡನೇ ಸತಿ ಬಂತಂತಲ್ಲ ಪೇಪರ್ನಲ್ಲಿ, ಅದೂ ನೀನೇ ಬರ್ದಿದ್ದಾ?"

ರಾಹುಲ್ ಇಲ್ಲವೆನ್ನಲು ಬಾಯಿ ತೆರೆದ. ಹಾಗೆನ್ನಲಾಗಲಿಲ್ಲ. "ನಾನೇ ಅಜ್ಜಿ. ನಾನು ಬೇರೆ ಬರೆದಿದ್ದೆ. ಬಿಡಲಿಲ್ಲ."

ಮಹದೇವಮ್ಮ ತಡವಿ ಅವನ ಮಂಡಿ ತಟ್ಟಿದರು. "ಓಗ್ಲಿ ಬುಡು. ಅದ್ರಲ್ಲೂ ಸುಳ್ಳಿಲ್ವಂತೆ, ಮಾದಯ್ಯ ಓದ್ದ. ನಾನು ಓಗ್ನಿಲ್ವಲ್ಲ."

ಹೊರಗೆ ಯಾರೋ ರೋಜಾಳನ್ನು ಕೂಗಿದರು. ಮಾದಯ್ಯನ ಮನೆಯಲ್ಲಿ ಹುಳ ಹಣ್ಣಾಗಿತ್ತು, ಆರಿಸಲು ಕೈ ಸಾಲದು, ಬೇಗ ಬಾ ಎಂದು ಕರೆಯುತ್ತಿದ್ದರು. ರೋಜಾ ಅತ್ತ ಇತ್ತ ನೋಡಿ, ಅತ್ತೆಗೆ ನೀರಿನ ಚೊಂಬು ಎಲ್ಲಿದೆಯೆಂದು ಕೈ ಹಿಡಿದು ಮುಟ್ಟಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದಳು. ಮಹದೇವಮ್ಮ ಅವಳು ಹೋದ ಕಡೆಗೇ ಮುಖ ಮಾಡಿದ್ದರು. ರೋಜಾ ವಾಪಸ್ ಬರುವ ತನಕ ರಾಹುಲ್ ಅಲ್ಲೇ ಕುಳಿತಿದ್ದ.

ಮಹದೇವಮ್ಮ ಈಗ ಹುಳದ ಮನೆಗಳಿಗೆ ಹೋಗುವುದಿಲ್ಲ. ಹುಣಸೆಹಣ್ಣಿನ ಕಾಲದಲ್ಲಿ ಊರಿನವರು ಅವರ ಮನೆಗೇ ಹಣ್ಣು ತಂದು ಸುರಿಯುತ್ತಾರೆ. ಅವರು ಕೈಯಲ್ಲಿ ತಡವಿ ನಾರು ಎಳೆದು, ಬೀಜ ಬಿಡಿಸಿ ಕೊಡುತ್ತಾರೆ. ಉಳಿದ ತಿಂಗಳುಗಳಲ್ಲಿ ಮನೆಯಲ್ಲಿರುತ್ತಾರೆ.